ಔಟಾದ ಮಗು ಎಲ್ಲಿ ಕೂರಬೇಕು?

ದಸರಾ ರಜೆ ಮುಗಿದು ಶಾಲೆಯ ಬಾಗಿಲು ತೆರೆದ ಮೇಲೆ ಹತ್ತನೇ ತರಗತಿಯ ದಿನಚರಿಯೇ ಬೇರೆಯಾಗುತ್ತದೆ. ಬೆಳಗ್ಗೆ ಪ್ರಾರ್ಥನೆಗೆ ಮೊದಲೇ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ನಡುನಡುವೆ ಸರಣಿ ಪರೀಕ್ಷೆ, ಆಮೇಲೆ ಪೂರ್ವಸಿದ್ಧತಾ ಪರೀಕ್ಷೆ. ಸ್ಟಾಫ್ ರೂಮಿನಲ್ಲಿ ಮಕ್ಕಳ ಹೆಸರಿಗಿಂತ ಗುಂಪಿನ ಹೆಸರು ಹೆಚ್ಚು ಕೇಳಿಬರುತ್ತದೆ. ಚೆನ್ನಾಗಿ ಓದುವ ಎ ಗುಂಪಿಗೆ ಸ್ಕೋರಿಂಗ್ ಪ್ಯಾಕೇಜು, ಓದಿನಲ್ಲಿ ಹಿಂದುಳಿದ ಸಿ ಗುಂಪಿಗೆ ಪಾಸಿಂಗ್ ಪ್ಯಾಕೇಜು. ಸಿ ಗುಂಪಿನ ಮಕ್ಕಳನ್ನು ಶಿಕ್ಷಕರು ಇಷ್ಟಿಷ್ಟು ಜನ ಎಂದು ದತ್ತು ತೆಗೆದುಕೊಳ್ಳುತ್ತೇವೆ, ಮನೆಗೆ ಹೋಗಿ ಮಾತಾಡುತ್ತೇವೆ, ಬೆಳಗಿನ ಜಾವ ಫೋನ್ ಮಾಡಿ ಎಬ್ಬಿಸುತ್ತೇವೆ. ಮಂಡ್ಯ ಕಡೆಯ ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನಾನೂ ಇದನ್ನೆಲ್ಲ ಮಾಡುತ್ತೇನೆ. ಇದರ ಜೊತೆಗೆ ಆಟವನ್ನೂ ಆಡಿಸುತ್ತೇನೆ.

ಪೋಷಕರ ಸಭೆಯೊಂದರಲ್ಲಿ ಒಬ್ಬ ತಂದೆ ಎದ್ದು ನಿಂತು ಕೇಳಿದರು: “ಮೇಡಮ್ಮೋರೆ, ನಮ್ ಹುಡ್ಗಿ ಇಸ್ಕೂಲಲ್ಲಿ ಚೌಕಾಬಾರ ಆಡುದ್ವಿ ಅಂತಾಳೆ, ದಿಟವಾ? ಪರೀಕ್ಸೆ ಇನ್ನೇನ್ ಬಂದೇಬುಡ್ತು.”

ಆ ಮಾತಿನಲ್ಲಿ ಕೋಪವಿರಲಿಲ್ಲ, ಗಾಬರಿ ಇತ್ತು. ಕಬ್ಬು ಕಟಾವಿನ ಕಾಲ, ಒಂದು ದಿನದ ಕೂಲಿ ಬಿಟ್ಟು ಬಂದಿದ್ದರು. ಮಗಳು ಪಾಸಾದರೆ ಪಿಯುಸಿ, ಇಲ್ಲದಿದ್ದರೆ ಏನು ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ನಮ್ಮ ಕಡೆ ಫೇಲಾದ ಹುಡುಗ ಮತ್ತೆ ಪರೀಕ್ಷೆ ಕಟ್ಟುತ್ತಾನೆ, ಇಲ್ಲವೇ ಗ್ಯಾರೇಜಿಗೋ ಬೆಂಗಳೂರಿಗೋ ಹೋಗುತ್ತಾನೆ. ಫೇಲಾದ ಹುಡುಗಿಗೆ ಗಂಡು ನೋಡುವ ಮಾತು ಆ ಬೇಸಿಗೆಯಲ್ಲೇ ಶುರುವಾಗುತ್ತದೆ. ಹೀಗಿರುವಾಗ ಆಟ ಯಾಕೆ ಎಂದು ಕೇಳುವ ಹಕ್ಕು ಆ ತಂದೆಗೆ ಪೂರಾ ಇದೆ. ಅವತ್ತು ನಿಂತ ಕಾಲಲ್ಲೇ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಬೇರೆ ಶಾಲೆಯ ಗೆಳತಿಯರೂ ಇದೇ ಪ್ರಶ್ನೆ ಕೇಳುತ್ತಿರುತ್ತಾರೆ.

ಮೊದಲು ಪರೀಕ್ಷೆಯ ಸ್ವರೂಪ ಹೇಳಿಬಿಡುತ್ತೇನೆ. ಎಸ್‌ಎಸ್‌ಎಲ್‌ಸಿಗೆ ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100. ಗಣಿತದಲ್ಲಿ 20 ಆಂತರಿಕ ಮೌಲ್ಯಮಾಪನಕ್ಕೆ ಹೋದರೆ ಲಿಖಿತಕ್ಕೆ ಉಳಿಯುವುದು 80. ನಾವು ಪಾಠ ಮಾಡಿಕೊಂಡು ಬಂದ ಮಾದರಿಯಲ್ಲಿ 38 ಪ್ರಶ್ನೆ: ಒಂದು ಅಂಕದ್ದು 16, ಎರಡಂಕದ್ದು 8, ಮೂರಂಕದ್ದು 9, ನಾಲ್ಕಂಕದ್ದು 4, ಐದಂಕದ್ದು ಒಂದು. ಪ್ರಶ್ನೆಪತ್ರಿಕೆ ಓದಿಕೊಳ್ಳಲು 15 ನಿಮಿಷ, ಬರೆಯಲು 3 ಗಂಟೆ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಬಂದವು, ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ 2024ರ ಮೊದಲ ಪರೀಕ್ಷೆಯಲ್ಲಿ, ಕೃಪಾಂಕ ಹೆಚ್ಚಿಸಿದ ಮೇಲೂ, ಶೇ 73.40ಕ್ಕೆ ಇಳಿಯಿತು. ಹೆಚ್ಚುವರಿ ಕೃಪಾಂಕ ಇಲ್ಲದ 2025ರ ಮೊದಲ ಪರೀಕ್ಷೆಯಲ್ಲಿ ಶೇ 66.14. ಪಕ್ಕದವರ ಹಾಳೆ, ಕಿಟಕಿಯಿಂದ ಬರುವ ಚೀಟಿ, ಯಾವುದರ ಆಸರೆಯೂ ಇಲ್ಲ. ಆ ಮೂರು ಗಂಟೆ ಮಗುವಿನ ತಲೆಯಲ್ಲಿ ಏನಿದೆಯೋ ಅದೇ ಗತಿ. ಇದು ಒಳ್ಳೆಯದೇ ಆಯಿತು ಎಂದು ನನ್ನ ಅಭಿಪ್ರಾಯ. ಆದರೆ ತಲೆಯೊಳಗೆ ಇರುವುದು ಬೇಕಾದ ಹೊತ್ತಿಗೆ ಹೊರಗೆ ಬರುವಂತೆ ಮಾಡುವುದು ನಮ್ಮ ಕೆಲಸ, ಅದನ್ನು ನಾವು ಸಾಕಷ್ಟು ಮಾಡುತ್ತಿಲ್ಲ.

ನಮ್ಮಲ್ಲಿ ಓದು ಎಂದರೆ ಮತ್ತೆ ಮತ್ತೆ ಓದುವುದು. ಗುಂಪು ಅಧ್ಯಯನಕ್ಕೆ ಹೋಗಿ ನೋಡಿ: ಇಪ್ಪತ್ತು ಮಕ್ಕಳು ಪುಸ್ತಕ ಬಿಚ್ಚಿಟ್ಟುಕೊಂಡು ಒಂದೇ ರಾಗದಲ್ಲಿ ಗುನುಗುತ್ತಿರುತ್ತಾರೆ. ಮೂರನೇ ಸಲ ಓದುವಾಗ ಎಲ್ಲ ಗೊತ್ತಿರುವ ಹಾಗೆ ಅನ್ನಿಸುತ್ತದೆ. ಪುಸ್ತಕ ಮುಚ್ಚಿಸಿ ಕೇಳಿದರೆ ಬಾಯಿ ಕಟ್ಟುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕಿ ಎಂಬಿಬ್ಬರು 2006ರಲ್ಲಿ ಇದನ್ನೇ ಅಳೆದು ತೋರಿಸಿದರು. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಒಂದು ಪಠ್ಯವನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರು ಅವಧಿ ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಓದಿದವರೇ ಮುಂದೆ: ಶೇ 83, ಬರೆದವರದು ಶೇ 71. ವಾರ ಕಳೆದ ಮೇಲೆ ಲೆಕ್ಕ ತಿರುಗಿಬಿತ್ತು. ಬರೆದವರ ನೆನಪಿನಲ್ಲಿ ಶೇ 61 ಉಳಿದಿತ್ತು, ಬರೀ ಓದಿದವರಲ್ಲಿ ಶೇ 40. ನಮ್ಮ ಮಕ್ಕಳಿಗೆ ಪರೀಕ್ಷೆ ಐದು ನಿಮಿಷ ಬಿಟ್ಟು ಬರುವುದಿಲ್ಲ, ತಿಂಗಳುಗಳು ಕಳೆದು ಬರುತ್ತದೆ.

ಹಾಗಾದರೆ ದಿನಾ ಟೆಸ್ಟ್ ಕೊಟ್ಟರಾಯಿತಲ್ಲ ಎನ್ನಬಹುದು. ಕೊಡುತ್ತಲೇ ಇದ್ದೇವೆ. ಸರಣಿ ಪರೀಕ್ಷೆಯ ಅಂಕ ರಿಜಿಸ್ಟರಿಗೆ ಹೋಗುತ್ತದೆ, ಅಲ್ಲಿಂದ ಪೋಷಕರ ಸಭೆಗೆ, ಮನೆಗೆ. ಮೂರು ಟೆಸ್ಟಿನಲ್ಲಿ ಎಂಟು, ಒಂಬತ್ತು, ಏಳು ಎಂದು ಕಡಿಮೆ ಅಂಕವೇ ಬಂದ ಮಗು ನಾಲ್ಕನೇ ಟೆಸ್ಟಿನ ದಿನ ಜ್ವರ ಬಂತು ಎನ್ನುತ್ತದೆ. ಬಂದರೂ ಹಾಳೆ ಖಾಲಿ ಬಿಡುತ್ತದೆ, ಬರೆದು ತಪ್ಪಾಗುವುದಕ್ಕಿಂತ ಬರೆಯದಿರುವುದು ವಾಸಿ ಎಂದು. ಖಾಲಿ ಬಿಟ್ಟ ಜಾಗದಲ್ಲಿ ಆ ಮಗುವಿಗೆ ಏನು ಗೊತ್ತಿಲ್ಲ ಎಂಬುದು ನನಗೆ ಕಾಣುವುದೇ ಇಲ್ಲ. ನನಗೆ ಆ ಮಗುವಿನ ತಪ್ಪು ಉತ್ತರ ಬೇಕು. ಅದು ಬಾಯಿಬಿಟ್ಟು ತಪ್ಪು ಹೇಳಬೇಕು, ಹೇಳಿದ ಮೇಲೆ ನಾಚದೆ ಮತ್ತೆ ಪ್ರಯತ್ನಿಸಬೇಕು. ನಾನು ಕಂಡಂತೆ ಅದು ಆಗುವುದು ಆಟದಲ್ಲಿ.

ಆದರೆ ಎಲ್ಲ ಆಟದಲ್ಲೂ ಅಲ್ಲ. ನಾನು ಮುಖ್ಯವಾಗಿ ಹೇಳಬೇಕಾದದ್ದು ಇದು.

ಶಾಲೆಗಳಲ್ಲಿ ಆಟ ಎಂದರೆ ಬಹುಪಾಲು ಕ್ವಿಜ್. ಎರಡು ತಂಡ, ಒಂದು ಸ್ಕೋರ್ ಬೋರ್ಡು, ಶಿಕ್ಷಕರ ಕೈಯಲ್ಲಿ ಪ್ರಶ್ನೆ. ಗದ್ದಲ, ಚಪ್ಪಾಳೆ, ಉತ್ಸಾಹ ಎಲ್ಲ ಇರುತ್ತದೆ. ಲೆಕ್ಕ ಹಾಕಿ ನೋಡಿದರೆ ಮಾತ್ರ ಬೇಸರವಾಗುತ್ತದೆ. 40 ಮಕ್ಕಳ ತರಗತಿ, 40 ನಿಮಿಷದ ಪಿರಿಯಡ್, ಅದರಲ್ಲಿ ಹೆಚ್ಚೆಂದರೆ 25 ಪ್ರಶ್ನೆ. ಒಂದು ಮಗುವಿಗೆ ಒಂದು ಪ್ರಶ್ನೆಯೂ ಪೂರ್ತಿ ಬರುವುದಿಲ್ಲ. ಬಂದ 25ರಲ್ಲಿ 20ನ್ನು ಉತ್ತರಿಸುವುದು ಮುಂದಿನ ಬೆಂಚಿನ ಅದೇ ಐದಾರು ಮಕ್ಕಳು, ಅವರಿಗೆ ಈ ಅಭ್ಯಾಸದ ಅಗತ್ಯ ಎಲ್ಲರಿಗಿಂತ ಕಡಿಮೆ. ಇನ್ನು ತಪ್ಪು ಹೇಳಿದವರು ಹೊರಗೆ ಎನ್ನುವ ಆಟಗಳಂತೂ ಇನ್ನೂ ಕೆಟ್ಟವು. ಮಗ್ಗಿ ಹೇಳಿ ತಪ್ಪಿದವರು ಕುಳಿತುಕೊಳ್ಳಿ, ಸೂತ್ರ ಹೇಳಿ ತಪ್ಪಿದವರು ಗೋಡೆ ಕಡೆ ಹೋಗಿ. ಮೊದಲ ಸುತ್ತಿನಲ್ಲೇ ಔಟಾಗುವ ಮಗು ಯಾವುದು? ಯಾವ ಮಗುವಿಗೆ ಹತ್ತು ಸಲ ಹೇಳುವ ಅವಕಾಶ ಬೇಕಿತ್ತೋ ಅದೇ ಮಗು. ಅದು ಪಿರಿಯಡ್ ಪೂರ್ತಿ ಗೋಡೆಗೆ ಒರಗಿ ನಿಂತು ಗೆದ್ದವರಿಗೆ ಚಪ್ಪಾಳೆ ತಟ್ಟುತ್ತದೆ. ಹೊಸ ಆಟವೊಂದನ್ನು ತರಗತಿಗೆ ತರುವ ಮುಂಚೆ ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ ಇದೇ: ಇದರಲ್ಲಿ ಔಟಾದ ಮಗು ಎಲ್ಲಿ ಕೂರುತ್ತದೆ? ಉತ್ತರ ‘ಹೊರಗೆ’ ಎಂದಾದರೆ ಆ ಆಟ ನಮಗೆ ಬೇಡ.

ಚೌಕಾಬಾರ ಹಿಡಿಸಿದ್ದು ಅದಕ್ಕೇ. ಅದರಲ್ಲಿ ಯಾರೂ ಔಟಾಗುವುದಿಲ್ಲ. ಹೊಡೆತ ತಿಂದ ಕಾಯಿ ತನ್ನ ಕಟ್ಟೆಗೆ ಹೋಗಿ ಮತ್ತೆ ಹೊರಡುತ್ತದೆ. ಮೈಸೂರು ಸೀಮೆಯ ಮಕ್ಕಳಿಗೆ ನಿಯಮ ಹೇಳಿಕೊಡುವ ಶ್ರಮವೂ ಇಲ್ಲ, ಅಜ್ಜಿಯ ಹತ್ತಿರ ಜಗಲಿಯ ಮೇಲೆ ಕಲಿತಿರುತ್ತಾರೆ. ಮಣೆಯಾಟಗಳ ವಿಷಯದಲ್ಲಿ ನಮ್ಮದು ಭಾಗ್ಯವಂತ ಸೀಮೆ. ಮುಮ್ಮಡಿ ಕೃಷ್ಣರಾಜ ಒಡೆಯರು ಈ ಆಟಗಳಲ್ಲಿ ಮುಳುಗಿದ್ದವರು, ತಾವೇ ಹೊಸ ಆಟಗಳನ್ನು ಕಟ್ಟಿದವರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ ಎಂಬ ಹೆಸರಿನಲ್ಲಿ ಮೃಗಾಲಯದ ಎದುರಿನ ಪ್ರತಿಮಾ ಗ್ಯಾಲರಿಯಲ್ಲಿ ಮಣೆಯಾಟಗಳ ಪ್ರದರ್ಶನ ಮಾಡುತ್ತಾ ಬಂದಿದ್ದಾರೆ. ಮಕ್ಕಳನ್ನು ಮೃಗಾಲಯಕ್ಕೆ ಪ್ರವಾಸ ಕರೆದುಕೊಂಡು ಹೋಗುವ ಶಿಕ್ಷಕರು ಆ ಸಮಯದಲ್ಲಿ ರಸ್ತೆ ದಾಟಿ ಅಲ್ಲಿಗೂ ಹೋಗಿಬರಬೇಕು.

ನಮ್ಮ ತರಗತಿಯ ಚೌಕಾಬಾರ ಹೀಗೆ. ಬೆಂಚು ಸರಿಸಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದರ ಮನೆ. ನಾಲ್ಕು ಜನರ ಒಂದು ಗುಂಪು, ಹತ್ತು ಗುಂಪು ಒಟ್ಟಿಗೆ. ಕವಡೆ ಎಲ್ಲರಿಗೂ ಸಿಗುವುದಿಲ್ಲ, ಒಂದು ಮೈ ಉಜ್ಜಿ ಬಿಳಿ ಮಾಡಿದ ಹುಣಸೆ ಬೀಜ ನಾಲ್ಕು ಸಾಕು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರ, ಅಂದರೆ ಎಂಟು. ಅದೆಲ್ಲ ಹಳೆಯದೇ. ಹೊಸದಾಗಿ ಸೇರಿಸಿರುವುದು ಗುಂಪಿನ ನಡುವೆ ಇಡುವ ಒಂದು ಕಟ್ಟು ಪ್ರಶ್ನೆ ಚೀಟಿ. ಚೀಟಿಯ ಹಿಂದೆ ಉತ್ತರ. ಬೀಜ ಹಾಕಿದವರು ಕಾಯಿ ನಡೆಸುವ ಮೊದಲು ಒಂದಂಕದ ಪ್ರಶ್ನೆಗೆ ಉತ್ತರ ಹೇಳಬೇಕು. ಸರಿಯಾದರೆ ಬಿದ್ದಷ್ಟು ಮನೆ ನಡೆ. ತಪ್ಪಾದರೆ ಕಾಯಿ ನಿಂತಲ್ಲೇ ನಿಲ್ಲುತ್ತದೆ, ಸರಿಯುತ್ತರವನ್ನು ಗಟ್ಟಿಯಾಗಿ ಓದಿ ಚೀಟಿಯನ್ನು ಕಟ್ಟಿನಲ್ಲಿ ನಾಲ್ಕನೆಯದಾಗಿ ತುರುಕಬೇಕು. ಅಲ್ಲಿಗೆ ಮುಂದಿನ ಸರದಿಯಲ್ಲಿ ಅದೇ ಚೀಟಿ ಅದೇ ಮಗುವಿನ ಕೈಗೆ ಬರುತ್ತದೆ. ಎರಡನೇ ಸಲಕ್ಕೆ ಸರಿ ಹೇಳಿದರೆ ಚೀಟಿ ಕಟ್ಟಿನ ಅಡಿಗೆ ಹೋಗುತ್ತದೆ, ಇನ್ನೊಂದಷ್ಟು ಹೊತ್ತಿನ ಮೇಲೆ ಮತ್ತೆ ಮೇಲೆ ಬರುತ್ತದೆ. ಹೊರಗಿನ ಸುತ್ತಿನಿಂದ ಒಳಸುತ್ತಿಗೆ ಹೋಗಬೇಕಾದರೆ ಎದುರಾಳಿಯ ಕಾಯಿ ಹೊಡೆದಿರಬೇಕು ಎನ್ನುವ ಹಳೆಯ ನಿಯಮದ ಬದಲು ಎರಡಂಕದ ಲೆಕ್ಕ ಒಂದನ್ನು ಸ್ಲೇಟಿನ ಮೇಲೆ ಮಾಡಿ ತೋರಿಸಬೇಕು. ಮತ್ತೊಂದು ನಿಯಮ ಮಕ್ಕಳೇ ಸೂಚಿಸಿದ್ದು: ಹೊಡೆತ ತಿಂದವರಿಗೆ ಒಂದು ಪ್ರಶ್ನೆ, ಸರಿ ಹೇಳಿದರೆ ಕಾಯಿ ಉಳಿಯುತ್ತದೆ. ಹೀಗಾಗಿ ಆಟದಲ್ಲಿ ಯಾರು ಹೆಚ್ಚು ಸೋಲುತ್ತಿದ್ದಾರೋ ಅವರ ಪಾಲಿಗೇ ಹೆಚ್ಚು ಪ್ರಶ್ನೆ ಬರುತ್ತದೆ. ಗಂಟೆ ಹೊಡೆಯುವ ಹೊತ್ತಿಗೆ ಯಾರ ಕಾಯಿ ಹೆಚ್ಚು ಹಣ್ಣಾಗಿದೆಯೋ ಅವರು ಗೆದ್ದ ಹಾಗೆ. ಒಬ್ಬೊಬ್ಬರೂ ಆರೇಳು ಪ್ರಶ್ನೆಗಾದರೂ ಬಾಯಿಬಿಟ್ಟಿರುತ್ತಾರೆ.

ಒಂದು ಮಧ್ಯಾಹ್ನ ಸಮಾಂತರ ಶ್ರೇಢಿಯ ಕಟ್ಟು ಆಡಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬನಿಗೆ ಬಂದ ಚೀಟಿ: 2, 7, 12, ... ಈ ಶ್ರೇಢಿಯ 10ನೇ ಪದ ಯಾವುದು? ಅವನು ಬೆರಳು ಮಡಚಿ ಎಣಿಸಿ 52 ಎಂದ. ಹತ್ತು ಐದಲ ಐವತ್ತು, ಎರಡು ಸೇರಿಸಿದರೆ ಐವತ್ತೆರಡು. ಪರೀಕ್ಷೆಯ ಹಾಳೆಯಲ್ಲಿ ನಾನು ನೂರಾರು ಸಲ ನೋಡಿರುವ ಉತ್ತರ ಇದು. ಎನ್ ಮೈನಸ್ ಒಂದು ಎಂದು ಸೂತ್ರ ಬಾಯಿಪಾಠ ಮಾಡಿರುತ್ತಾರೆ, ಆ ಒಂದು ಯಾಕೆ ಕಳೆಯಬೇಕು ಎಂಬುದು ತಲೆಗೆ ಹೋಗಿರುವುದಿಲ್ಲ. ನಾನು ಬಾಯಿ ತೆರೆಯುವ ಮುಂಚೆ ಎದುರಿಗೆ ಕೂತ ಹುಡುಗಿ ಅವನ ಕಾಯನ್ನು ಎತ್ತಿ ಮೊದಲನೇ ಮನೆಯಲ್ಲಿ ಇಟ್ಟಳು. “ಲೋ, ಮೊದಲ್ನೇ ಮನೇಲಿ ನಿಂತೇ ಇದ್ದೀಯಲ್ಲ. ಹತ್ನೇ ಮನೆಗೋಗಕ್ಕೆ ಎಷ್ಟು ಮನೆ ನಡೀಬೇಕು, ನಡ್ಸಿ ನೋಡು.” ಅವನು ಒಂದೊಂದೇ ಮನೆ ತಟ್ಟುತ್ತ ನಡೆಸಿದ. ಒಂಬತ್ತಕ್ಕೆ ಕಾಯಿ ಹತ್ತನೇ ಮನೆಗೆ ಬಂದು ನಿಂತಿತು. ಅಲ್ಲೇ ತಲೆಯೆತ್ತಿ, “ಓ, ಒಂಬತ್ತೇ ಐದು ಸೇರಾದು. ನಲವತ್ತೈದು, ಎರಡು, ನಲವತ್ತೇಳು ಮಿಸ್!” ಎಂದ. ಆ ಪಾಠವನ್ನು ಬೋರ್ಡಿನ ಮೇಲೆ ನಾನು ಬಗೆಬಗೆಯಾಗಿ ಹೇಳಿದ್ದೆ. ಅವನಿಗೆ ಅದು ತಲುಪಿದ್ದು ನೆಲದ ಮೇಲಿನ ಮನೆಗಳಿಂದ, ಗೆಳತಿಯ ಬಾಯಿಂದ. ತಪ್ಪು ಹೇಳಿದ್ದಕ್ಕೆ ಅವನಿಗಾದ ನಷ್ಟವೆಂದರೆ ಕಾಯಿ ನಡೆಸುವ ಒಂದು ಸರದಿ, ಅಷ್ಟೇ.

ಬೀಜದ ಪಾತ್ರವನ್ನೂ ಹೇಳಬೇಕು. ಆಟದಲ್ಲಿ ಅದೃಷ್ಟ ಬೆರೆತರೆ ಓದಿಗೆ ಬೆಲೆ ಎಲ್ಲಿ ಎಂದು ಸಹೋದ್ಯೋಗಿಗಳು ಆಕ್ಷೇಪಿಸುತ್ತಾರೆ. ನನಗೆ ಅದೃಷ್ಟ ಸ್ವಲ್ಪ ಇರಲೇಬೇಕು ಅನ್ನಿಸುತ್ತದೆ. ಬರೀ ಉತ್ತರದ ಮೇಲೆ ನಿಂತ ಪಂದ್ಯದಲ್ಲಿ ಯಾರು ಗೆಲ್ಲುತ್ತಾರೆಂದು ಬೀಜ ಹಾಕುವ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಗೊತ್ತಿರುವಾಗ ಹಿಂದಿನ ಬೆಂಚು ಆಡುವುದೇ ಇಲ್ಲ. ಬಾರ ಬಿದ್ದು ಗೆಲ್ಲುವ ಸಾಧ್ಯತೆ ಇದ್ದರೆ ಅದು ಆಡುತ್ತದೆ, ಆಡುವುದಕ್ಕಾಗಿ ಉತ್ತರ ಹುಡುಕುತ್ತದೆ. ಸೋತರೂ “ನಂಗೆ ಬಾರ ಬೀಳ್ಲೇ ಇಲ್ಲ ಮಿಸ್” ಎಂದು ಬೀಜವನ್ನು ಬೈದುಕೊಂಡು ತಲೆಯೆತ್ತಿ ಮನೆಗೆ ಹೋಗುತ್ತದೆ. ವರ್ಷಗಟ್ಟಲೆ ‘ದಡ್ಡ’ ಎನ್ನಿಸಿಕೊಂಡ ಮಗುವಿಗೆ ಆ ಆಸರೆ ಸಣ್ಣದಲ್ಲ.

ಇನ್ನೊಂದು ಆಟಕ್ಕೆ ನಮ್ಮಲ್ಲಿ ‘ಕಳ್ಳ ಸಾಲು’ ಎಂದು ಹೆಸರು. ಬೋರ್ಡಿನ ಮೇಲೆ ಪೂರ್ತಿ ಬಿಡಿಸಿದ ಒಂದು ಲೆಕ್ಕ ಬರೆಯುತ್ತೇನೆ, ಅದರಲ್ಲಿ ಒಂದು ಸಾಲು ತಪ್ಪು. ಯಾವ ಸಾಲು ಎಂದು ಹಿಡಿದ ಗುಂಪಿಗೆ ಒಂದಂಕ, ಯಾಕೆ ತಪ್ಪು ಎಂದು ವಿವರಿಸಿದರೆ ಎರಡಂಕ. ತಪ್ಪನ್ನು ಆರಿಸುವುದರಲ್ಲೇ ಆಟದ ಜೀವ ಇದೆ. ಉದಾಹರಣೆಗೆ 2ಎಕ್ಸ್² − 5ಎಕ್ಸ್ + 3 = 0. ಮೂಲಗಳು ಹೇಗಿವೆ ಎಂದು ತಿಳಿಸುವ ಶೋಧಕ ಎಂದರೆ ಬಿ² − 4ಎಸಿ, ಇಲ್ಲಿ ಬಿ ಎಂದರೆ −5. ಬಿ ವರ್ಗದ ಜಾಗದಲ್ಲಿ −25 ಎಂದು ಬರೆದುಬಿಡುತ್ತೇನೆ. ಆಮೇಲೆ −25 − 24 = −49, ಶೋಧಕ ಸೊನ್ನೆಗಿಂತ ಕಡಿಮೆ, ಆದ್ದರಿಂದ ವಾಸ್ತವ ಮೂಲಗಳಿಲ್ಲ. ಕೊನೆಯ ಸಾಲು ಎಷ್ಟು ನಂಬುವ ಹಾಗಿರುತ್ತದೆಂದರೆ ಎ ಗುಂಪಿನ ಮಕ್ಕಳೂ ತಲೆಯಾಡಿಸುತ್ತಾರೆ. ನಿಜಕ್ಕೂ ಶೋಧಕ 25 − 24 = 1, ಮೂಲಗಳು 3/2 ಮತ್ತು 1. ಮಿಸ್ ಬರೆದ ಲೆಕ್ಕದಲ್ಲಿ ತಪ್ಪು ಹಿಡಿಯುವ ಖುಷಿಯೇ ಬೇರೆ. ಹೀಗೆ ಕಳ್ಳನನ್ನು ಹುಡುಕಿ ಅಭ್ಯಾಸವಾದ ಕಣ್ಣು ನಿಧಾನವಾಗಿ ತನ್ನ ಹಾಳೆಯ ಮೇಲೂ ಓಡಾಡತೊಡಗುತ್ತದೆ. ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನದಲ್ಲಿ ಗಣಿತಕ್ಕೆ ಹಂತ ಹಂತಕ್ಕೂ ಅಂಕ ಇರುವುದರಿಂದ, ಉತ್ತರ ಬರೆದ ಮೇಲೆ ಸಾಲು ಸಾಲಾಗಿ ಮತ್ತೆ ನೋಡುವ ಮಗು ಅಂಕ ಉಳಿಸಿಕೊಳ್ಳುತ್ತದೆ.

ಪ್ರಮೇಯಗಳಿಗೆ ಚೀಟಿ ಜೋಡಿಸುವ ಆಟ. ಥೇಲ್ಸ್ ಪ್ರಮೇಯದ ದತ್ತ, ಸಾಧನೀಯ, ರಚನೆ, ಸಾಧನೆಯ ಒಂದೊಂದು ಸಾಲನ್ನೂ ಒಂದೊಂದು ಚೀಟಿಯಲ್ಲಿ ಬರೆದು ಕಲಸಿ ಕೊಡುತ್ತೇನೆ, ಗುಂಪು ಅದನ್ನು ಕ್ರಮಕ್ಕೆ ತರಬೇಕು. ಎರಡು ತ್ರಿಭುಜಗಳಿಗೆ ಪಾದ ಒಂದೇ, ಅವು ಒಂದೇ ಜೋಡಿ ಸಮಾಂತರ ರೇಖೆಗಳ ನಡುವೆ ಇವೆ, ಹಾಗಾಗಿ ವಿಸ್ತೀರ್ಣ ಸಮ ಎನ್ನುವ ಚೀಟಿ ಎಲ್ಲಿ ಬರಬೇಕು ಎಂಬುದೇ ಪ್ರತಿ ಗುಂಪಿನ ಜಗಳ. ಬಾಯಿಪಾಠ ಮಾಡಿ ಬರೆಯುವವರು ಬಿಟ್ಟುಬಿಡುವುದೂ ಆ ಸಾಲನ್ನೇ. ಜಗಳ ಮುಗಿದ ಮೇಲೆ ಚೀಟಿ ವಾಪಸ್, ಒಬ್ಬೊಬ್ಬರೂ ಹಾಳೆಯ ಮೇಲೆ ಪೂರ್ತಿ ಬರೆಯಬೇಕು. ಈ ಕೊನೆಯ ಹೆಜ್ಜೆ ಬಿಟ್ಟರೆ ಆಟ ಆಡಿದ್ದಷ್ಟೇ ಆಯಿತು. ಮೂರು ಗಂಟೆ ಕೂತು ಬರೆಯುವ ತಾಳ್ಮೆ, ಚಿತ್ರ ಅಚ್ಚುಕಟ್ಟಾಗಿ ಬಿಡಿಸುವ ಕೈ, ಐದಂಕದ ಪ್ರಶ್ನೆಯನ್ನು ಅರ್ಧಕ್ಕೆ ಬಿಡದ ಹಟ, ಇವು ಬರೆದೇ ಬರಬೇಕು. ಅದಕ್ಕೆ ಆಟ ಬದಲಿಯಲ್ಲ. ವಾರಕ್ಕೆ ಎರಡು ಪಿರಿಯಡ್‌ಗಿಂತ ಹೆಚ್ಚು ನಾನು ಆಡಿಸುವುದೂ ಇಲ್ಲ.

ಸಮಾಜ ವಿಜ್ಞಾನದ ಸಹೋದ್ಯೋಗಿ ಇಸವಿಗಳಿಗೆ ಸಾಲು ನಿಲ್ಲುವ ಆಟ ಮಾಡಿಸುತ್ತಾರೆ. ಮದ್ರಾಸ್ ಒಪ್ಪಂದ, ಮಂಗಳೂರು ಒಪ್ಪಂದ, ಶ್ರೀರಂಗಪಟ್ಟಣ ಒಪ್ಪಂದ, ಟಿಪ್ಪುವಿನ ಮರಣ ಎಂದು ಬರೆದ ರಟ್ಟು ಹಿಡಿದು ಮಕ್ಕಳು ಮಾತಾಡದೆ ಕಾಲಾನುಕ್ರಮದಲ್ಲಿ ನಿಲ್ಲಬೇಕು: 1769, 1784, 1792, 1799. ಶ್ರೀರಂಗಪಟ್ಟಣದ ಕೋಟೆಯನ್ನು ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ ಮಕ್ಕಳೂ ಕೊನೆಯ ಎರಡನ್ನು ಅದಲುಬದಲು ಮಾಡುತ್ತಾರೆ. ಅರ್ಧ ರಾಜ್ಯ ಬಿಟ್ಟುಕೊಟ್ಟು ಇಬ್ಬರು ಮಕ್ಕಳನ್ನು ಒತ್ತೆಯಿಟ್ಟದ್ದು ಮೊದಲು, ಕೋಟೆ ಬಿದ್ದದ್ದು ಆಮೇಲೆ ಎಂದು ಕಥೆಯಾಗಿ ಹೇಳಿಕೊಂಡ ಮೇಲೆ ರಟ್ಟು ತಪ್ಪುವುದಿಲ್ಲ.

ತಂಡಗಳ ಸ್ಪರ್ಧೆ ಬೇಕೇಬೇಕು ಎನ್ನುವವರಿಗೆ ಒಂದು ಹಳೆಯ ಒಳ್ಳೆಯ ವಿಧಾನವಿದೆ. 1970ರ ದಶಕದಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಡೆವ್ರೀಸ್ ಮತ್ತು ಎಡ್ವರ್ಡ್ಸ್ ಕಟ್ಟಿದ್ದು. ತಂಡದಲ್ಲಿ ಎಲ್ಲ ಮಟ್ಟದ ಮಕ್ಕಳೂ ಬೆರೆತಿರುತ್ತಾರೆ, ಒಟ್ಟಿಗೆ ಕೂತು ತಯಾರಾಗುತ್ತಾರೆ. ಪಂದ್ಯದ ದಿನ ಮಾತ್ರ ಒಂದೊಂದು ಮೇಜಿಗೆ ಒಂದೇ ಮಟ್ಟದ ಮಕ್ಕಳು: ಬಲ್ಲವರಿಗೆ ಬಲ್ಲವರು, ತಡವರಿಸುವವರಿಗೆ ತಡವರಿಸುವವರು ಎದುರಾಳಿ. ಯಾವ ಮೇಜಿನಲ್ಲಿ ಗೆದ್ದರೂ ತಂಡಕ್ಕೆ ತರುವ ಅಂಕ ಒಂದೇ. ಇದನ್ನು ನಮ್ಮಲ್ಲಿ ಮಾಡಿದಾಗ ನನ್ನ ಮನಸ್ಸಿಗೆ ತಟ್ಟಿದ್ದು ತಯಾರಿಯ ಹೊತ್ತು. ಚೆನ್ನಾಗಿ ಓದುವ ಹುಡುಗಿಯರು ತಂಡದ ಹಿಂದುಳಿದ ಹುಡುಗನನ್ನು ಊಟದ ಬಿಡುವಿನಲ್ಲೂ ಬಿಡಲಿಲ್ಲ, ಬಿಸಿಯೂಟದ ತಟ್ಟೆ ಹಿಡಿದೇ ಸೂತ್ರ ಕೇಳುತ್ತಿದ್ದರು. ಅವನು ತರುವ ಅಂಕ ಅವರ ತಂಡಕ್ಕೆ ನಿಜವಾಗಿಯೂ ಬೇಕಿತ್ತು. ನಾವು ದತ್ತು ತೆಗೆದುಕೊಂಡಾಗ ಆಗದ ಕೆಲಸ ಅಲ್ಲಿ ನಡೆಯುತ್ತಿತ್ತು.

ಗೆದ್ದವರಿಗೆ ಪೆನ್ನು, ಚಾಕೊಲೇಟು ಕೊಡಬೇಕೆ? ಬೇಡ ಎಂಬುದು ನನ್ನ ಗಟ್ಟಿ ನಿಲುವು. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮನೋವಿಜ್ಞಾನಿಗಳು ಶಿಶುವಿಹಾರದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಚಿತ್ರ ಬಿಡಿಸುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಮಕ್ಕಳಿಗೆ ‘ಬಿಡಿಸಿದರೆ ಬಹುಮಾನ’ ಎಂದು ಮೊದಲೇ ಹೇಳಿ ಕೊಟ್ಟರು. ಒಂದೆರಡು ವಾರದ ಮೇಲೆ ಬಹುಮಾನವಿಲ್ಲದೆ ಬಿಟ್ಟಾಗ ಆ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರಿಗೆ ಹೋಲಿಸಿದರೆ ಸುಮಾರು ಅರ್ಧ. ನಮ್ಮ ಚೌಕಾಬಾರದಲ್ಲಿ ಕಾಯಿ ಹಣ್ಣಾಗುವುದೇ ಬಹುಮಾನ. ಅದಕ್ಕೆ ಚಾಕೊಲೇಟು ಸೇರಿದ ದಿನ ಮಕ್ಕಳು ಸುಲಭದ ಚೀಟಿಗಾಗಿ ಕಿತ್ತಾಡುತ್ತಾರೆ, ಕಷ್ಟದ ಚೀಟಿಯನ್ನು ಅಡಿಗೆ ತಳ್ಳುತ್ತಾರೆ.

ಎಂಟನೇ ತರಗತಿಯ ವಿಷಯ ಬೇರೆಯೇ ಹೇಳಬೇಕು, ಯಾಕೆಂದರೆ ಅಲ್ಲಿ ದುಡ್ಡಿನ ಪ್ರಶ್ನೆ ಇದೆ. ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಯೋಜನೆಯ ಪರೀಕ್ಷೆಯಲ್ಲಿ ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿಯಂತೆ ನಾಲ್ಕು ವರ್ಷ ವಿದ್ಯಾರ್ಥಿವೇತನ. ಸರ್ಕಾರಿ, ಅನುದಾನಿತ, ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ, ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರದವರಿಗೆ. ಒಟ್ಟು 48,000. ಎಷ್ಟೋ ಮನೆಯಲ್ಲಿ ಹೆಣ್ಣುಮಗಳ ಓದನ್ನು ಪಿಯುಸಿವರೆಗೆ ಎಳೆದು ನಿಲ್ಲಿಸಲು ಇಷ್ಟು ಸಾಕು. ಪರೀಕ್ಷೆಯಲ್ಲಿ ಎರಡು ಪತ್ರಿಕೆ: ಬೌದ್ಧಿಕ ಸಾಮರ್ಥ್ಯದ್ದು, ವ್ಯಾಸಂಗ ಸಾಮರ್ಥ್ಯದ್ದು. ಒಂದೊಂದರಲ್ಲೂ 90 ಪ್ರಶ್ನೆ, 90 ನಿಮಿಷ, ನಾಲ್ಕು ಆಯ್ಕೆ, ಉತ್ತರದ ಗುಂಡಿ ತುಂಬುವ ಓಎಂಆರ್ ಹಾಳೆ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಹದಿಮೂರು ವರ್ಷದ ಹಳ್ಳಿಯ ಮಗು ಓಎಂಆರ್ ನೋಡುವುದೇ ಮೊದಲ ಸಲ. 2021ರ ಜುಲೈ 19 ಮತ್ತು 22ರಂದು ಕೋವಿಡ್ ಕಾರಣಕ್ಕೆ ಎಸ್‌ಎಸ್‌ಎಲ್‌ಸಿಯನ್ನೇ ಎರಡು ದಿನದಲ್ಲಿ ಬಹುಆಯ್ಕೆ ಪ್ರಶ್ನೆಗಳಲ್ಲಿ ಮುಗಿಸಿದಾಗ ಹತ್ತನೆಯವರಿಗೂ ಆ ಗುಂಡಿ ತುಂಬುವ ಹಾಳೆ ಹೊಸದಾಗಿತ್ತು.

ಬಹುಆಯ್ಕೆ ಪ್ರಶ್ನೆಗೆ ಮೊಬೈಲ್ ಕ್ವಿಜ್‌ಗಳು ಬೇಕಾದಷ್ಟಿವೆ. ಮಕ್ಕಳ ಕೈಯಲ್ಲಿ ಫೋನ್ ಇಲ್ಲ ಎಂಬುದು ಒಂದು ಕಡೆ ಇರಲಿ, ಬೇಗ ಒತ್ತಿದವರಿಗೆ ಹೆಚ್ಚು ಅಂಕ ಕೊಡುವ ಆಟಗಳು ನನಗೆ ಇಷ್ಟವಾಗುವುದಿಲ್ಲ. ಪ್ರಶ್ನೆ ಪೂರ್ತಿ ಓದುವ ಮೊದಲೇ ಬೆರಳು ಓಡುತ್ತದೆ. ನಿಜವಾದ ಪರೀಕ್ಷೆಯಲ್ಲಿ ಪ್ರಶ್ನೆಗೊಂದು ನಿಮಿಷ ಇದೆ, ಅದನ್ನು ಪೂರ್ತಿ ಬಳಸುವುದನ್ನು ಮಗು ಕಲಿಯಬೇಕು. ನಮಗೆ ಒಗ್ಗಿದ್ದು ಪ್ಲಿಕರ್ಸ್. ಒಂದೊಂದು ಮಗುವಿಗೆ ಒಂದೊಂದು ಮುದ್ರಿತ ರಟ್ಟು, ಚೌಕಾಕಾರದ ಕಪ್ಪು ಗುರುತು, ನಾಲ್ಕು ಬದಿಗೆ ನಾಲ್ಕು ಉತ್ತರ. ತನ್ನ ಉತ್ತರದ ಬದಿ ಮೇಲೆ ಬರುವಂತೆ ತಿರುಗಿಸಿ ಹಿಡಿದರೆ ನನ್ನ ಒಂದು ಫೋನಿನ ಕ್ಯಾಮೆರಾ ಇಡೀ ತರಗತಿಯನ್ನು ಓದಿಬಿಡುತ್ತದೆ. ಪ್ರತಿ ರಟ್ಟಿನ ಗುರುತೂ ಬೇರೆ, ಪಕ್ಕದವರದನ್ನು ನೋಡಿ ಉಪಯೋಗವಿಲ್ಲ. ಯಾರು ತಪ್ಪಿದರು ಎಂಬುದು ನನಗೆ ಗೊತ್ತಾಗುತ್ತದೆ, ತರಗತಿಗೆ ಗೊತ್ತಾಗಬೇಕಾಗಿಲ್ಲ.

ಸಂಖ್ಯಾ ಸರಣಿಗೆ ಜೋಡಿಯಾಟ. ಒಬ್ಬರು ಐದು ಪದದ ಸರಣಿ ಕಟ್ಟಬೇಕು, ಇನ್ನೊಬ್ಬರು ಆರನೆಯದನ್ನು ಹೇಳಿ ಕಾರಣ ಕೊಡಬೇಕು. 2, 6, 12, 20, 30 ಎಂದು ಒಬ್ಬಳು ಕಟ್ಟಿದಳು. ಜೊತೆಯವಳು ನಾಲ್ಕು, ಆರು, ಎಂಟು, ಹತ್ತು ಸೇರುತ್ತಾ ಬಂದಿದೆ, ಮುಂದೆ ಹನ್ನೆರಡು ಸೇರಿ 42 ಎಂದಳು. ಕಟ್ಟಿದವಳು ಒಪ್ಪಲಿಲ್ಲ. ಒಂದೆರಡ್ಲ ಎರಡು, ಎರಡ್ಮೂರ್ಲ ಆರು, ಮೂರ್ನಾಕ್ಲ ಹನ್ನೆರಡು, ಹಾಗೆ ಆರೇಳ್ಲ ನಲವತ್ತೆರಡು ಎಂಬುದು ಅವಳ ದಾರಿ. ಉತ್ತರ ಒಂದೇ, ದಾರಿ ಎರಡು. ಎರಡೂ ಸರಿ ಎಂದು ಇಬ್ಬರಿಗೂ ಒಪ್ಪಿಗೆಯಾಗಲು ಸುಮಾರು ಹೊತ್ತು ಹಿಡಿಯಿತು, ನಾನು ನಡುವೆ ಬಾಯಿ ಹಾಕಲಿಲ್ಲ.

ಈ ವರ್ಷ ಪ್ರಶ್ನೆ ಚೀಟಿ ಬರೆಯುವ ಕೆಲಸವನ್ನೂ ಎಂಟನೆಯವರಿಗೇ ಬಿಟ್ಟಿದ್ದೇನೆ. ನಿಯಮ ಒಂದೇ: ನಾಲ್ಕು ಆಯ್ಕೆಯಲ್ಲಿ ಒಂದು ‘ಬಲೆ’ ಇರಬೇಕು, ಆ ಬಲೆಗೆ ಜನ ಯಾಕೆ ಬೀಳುತ್ತಾರೆ ಎಂದು ಚೀಟಿಯ ಹಿಂದೆ ಬರೆಯಬೇಕು. ಬಲೆ ಹೆಣೆಯಬೇಕಾದರೆ ತಪ್ಪು ದಾರಿಯಲ್ಲಿ ನಡೆದು ನೋಡಬೇಕಾಗುತ್ತದೆ. ಆಲೆಮನೆ ಇರುವ ಮನೆಯ ಹುಡುಗಿಯೊಬ್ಬಳ ಚೀಟಿ ಹೀಗಿತ್ತು: ಒಂದು ಕ್ವಿಂಟಾಲ್ ಬೆಲ್ಲದ ಬೆಲೆ 4000 ರೂಪಾಯಿ. ಮೊದಲು ಶೇ 10 ಏರಿತು, ಆಮೇಲೆ ಶೇ 10 ಇಳಿಯಿತು. ಈಗ ಎಷ್ಟು? ಆಯ್ಕೆಗಳು 4000, 4040, 3960, 3600. ಹಿಂದೆ ಬರೆದದ್ದು: “4000 ಬಲೆ. ಏರಿದ್ದೂ ಹತ್ತು ಇಳಿದದ್ದೂ ಹತ್ತು, ಸರಿಹೋಯ್ತು ಅಂದ್ಕೋತಾರೆ. ಏರಿದ್ದು 4000ದ ಮೇಲೆ 400, ಇಳಿದದ್ದು 4400ರ ಮೇಲೆ 440. ನಮ್ಮಪ್ಪನೂ 4000 ಅಂದ್ರು.”

ಚೀಟಿಗಳನ್ನೆಲ್ಲ ಹಳೆಯ ಚಪ್ಪಲಿ ಡಬ್ಬಿಗಳಲ್ಲಿ ಅಧ್ಯಾಯವಾರು ತುಂಬಿಸಿ ಇಡುತ್ತಿದ್ದೇವೆ. ಶೇಕಡಾ, ಅನುಪಾತ, ಸರಣಿಗಳ ಡಬ್ಬಿ ತುಂಬಿವೆ. ರೇಖಾಗಣಿತದ್ದು ಇನ್ನೂ ಅರ್ಧ ಖಾಲಿ, ಏಕೆಂದರೆ ಚಿತ್ರ ಬಿಡಿಸಿ ಬಲೆ ಹೆಣೆಯುವುದು ಮಕ್ಕಳಿಗೆ ಕಷ್ಟ. ಕೋನಗಳಿಂದ ಶುರುಮಾಡಿ ಎಂದು ಹೇಳಿದ್ದೇನೆ, ಮುಂದಿನ ವಾರ ಎರಡು ಪಿರಿಯಡ್ ಅದಕ್ಕೇ ಇಟ್ಟಿದ್ದೇನೆ.